ಎಂಬತ್ತು ಕಿಲೋ ಒಳಗೆ, ಎಂಬತ್ತೊಂದೂವರೆ ಹೊರಗೆ

ಒಳಗೆ ಹೋದ ಸಿಹಿ ಎಂಬತ್ತು ಕಿಲೋ, ಹೊರಗೆ ಬಂದದ್ದು ಎಂಬತ್ತೊಂದೂವರೆ. ನೋಟ್‌ಬುಕ್ಕಿನಲ್ಲಿ ಈ ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದಾಗ ಮಧ್ಯಾಹ್ನ ಮೂರು ಗಂಟೆ ಆಗಿತ್ತು. ಕೊಪ್ಪರಿಗೆಯಿಂದ ಇಳಿಸಿದ ಜೋನಿ, ಅಂದರೆ ಪಾಕದಂಥ ನೀರು ಬೆಲ್ಲ, ತಗಡಿನ ಡಬ್ಬಿಗಳಲ್ಲಿ ಇನ್ನೂ ಬಿಸಿಯಾಗಿತ್ತು. ಮತ್ತೊಮ್ಮೆ ಕೂಡಿಸಿ ನೋಡಿದೆ. ಎಂಬತ್ತೊಂದೂವರೆಯೇ ಬಂತು.

ಮಲೆನಾಡಿನ ಆ ಕಡೆ ಕಬ್ಬಿನ ರಸಕ್ಕೆ ಹಾಲು ಎನ್ನುತ್ತಾರೆ. ಹಾಲನ್ನು ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿ ಕರಗಿದ್ದ ಸಿಹಿಯ ಅಂಶ ಉಳಿಯುತ್ತದೆ. ಉಳಿಯುವಾಗಲೂ ಸ್ವಲ್ಪ ನೊರೆಯ ಜೊತೆ ಹೋಗುತ್ತದೆ, ಸ್ವಲ್ಪ ಸೋಸುವ ಬಟ್ಟೆ ಹೀರುತ್ತದೆ, ಸ್ವಲ್ಪ ತಳ ಹಿಡಿಯುತ್ತದೆ. ಹಾಗಾಗಿ ಹೊರಗೆ ಬರುವುದು ಯಾವತ್ತೂ ಒಳಗೆ ಹೋದದ್ದಕ್ಕಿಂತ ಕಡಿಮೆಯೇ ಇರಬೇಕು. ಅಲ್ಲಿಗೆ ಬರುವ ಮೊದಲು ಒಂದು ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಇದೇ ಲೆಕ್ಕವನ್ನು ದಿನಾ ಹಾಕಿದವಳು ನಾನು. ಇಲ್ಲದ ಸಿಹಿ ಹುಟ್ಟಿದ್ದನ್ನು ಒಮ್ಮೆಯೂ ನೋಡಿರಲಿಲ್ಲ.

ಎರಡು ಸಾವಿರದ ದಶಕದ ಮೊದಲ ವರ್ಷಗಳ ಮಾತು. ಮಲೆನಾಡಿನ ಆಲೆಮನೆಗಳಿಗೆ ಹೊಸ ಮಾದರಿಯ ಒಲೆ ಕಟ್ಟಿಸಿಕೊಡುವ ಒಂದು ಯೋಜನೆ ಇತ್ತು. ಕಟ್ಟಿಸುವ ಮೊದಲು ಈಗಿರುವ ಆಲೆಮನೆಗಳು ಹೇಗೆ ನಡೆಯುತ್ತಿವೆ ಎಂದು ತಿಳಿಯಬೇಕಿತ್ತು. ಒಂದು ಟನ್ ಕಬ್ಬಿಗೆ ಎಷ್ಟು ಹಾಲು, ಅಷ್ಟು ಹಾಲಿಗೆ ಎಷ್ಟು ಜೋನಿ, ಒಂದು ಕಿಲೋ ಜೋನಿಗೆ ಎಷ್ಟು ಉರುವಲು, ಒಬ್ಬ ಆಳಿಗೆ ಗಂಟೆಗೆ ಎಷ್ಟು ಎಂದು ಅಳೆಯಲು ಒಂದು ಹಂಗಾಮಿನ ಮಟ್ಟಿಗೆ ನನ್ನನ್ನು ತೆಗೆದುಕೊಂಡಿದ್ದರು. ಮೂರು ಆಲೆಮನೆಗಳು. ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಲ್ಲಿ ಒಂದು, ಕೊಪ್ಪದ ಮೇಗುಂದದಲ್ಲಿ ಒಂದು, ನರಸಿಂಹರಾಜಪುರದ ಆಚೆ ಹಿನ್ನೀರಿನ ಕಡೆ ಒಂದು. ಮೊದಲ ವರ್ಷ ಒಲೆ ಸಿಗುವುದು ಒಂದು ಕಡೆಗೆ ಮಾತ್ರ. ನನ್ನ ವರದಿಯ ಮೇಲೆ ಅದು ನಿಂತಿತ್ತು.

ಅಡ್ಡಗದ್ದೆಯಲ್ಲಿ ಒಳಗೆ ಹೋದ ಸಿಹಿ ನೂರಕ್ಕೆ ತೊಂಬತ್ತು ಬಂದಿತ್ತು, ಮೇಗುಂದದಲ್ಲಿ ತೊಂಬತ್ತೊಂದು. ಹಳೆಯ ಮಣ್ಣಿನ ಒಲೆಗಳಿಗೆ ಅದು ಸರಿಯಾದ ಅಂಕಿಯೇ. ಆ ಎರಡೂ ಕಡೆ ಆಲೆಮನೆಯ ಯಜಮಾನರ ಮನೆಯಲ್ಲೇ ಉಳಿದುಕೊಂಡಿದ್ದೆ. ನರಸಿಂಹರಾಜಪುರದ ಯಜಮಾನರ ಮನೆಯಲ್ಲಿ ಆಗ ಬಾಣಂತಿ ಇದ್ದರು, ಹೆಚ್ಚಿನ ಕೋಣೆ ಇರಲಿಲ್ಲ. ಕೊಪ್ಪದಲ್ಲಿ ಒಂದು ರೂಮು ಮಾಡಿಕೊಂಡು ದಿನಾ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ. ಎರಡನೇ ಬಸ್ಸು ಇಳಿದು ಸಲಕರಣೆಯ ಪೆಟ್ಟಿಗೆ ಹೊತ್ತು ನಡೆದು ತಲುಪುವಾಗ ಹನ್ನೊಂದು ದಾಟಿರುತ್ತಿತ್ತು. ಅಷ್ಟರಲ್ಲಿ ಆ ದಿನದ ಎರಡು ಕೊಪ್ಪರಿಗೆ ಜೋನಿ ಇಳಿದಿರುತ್ತಿತ್ತು. ನಾನು ಅಳೆಯುತ್ತಿದ್ದದ್ದು ಮೂರನೆಯದನ್ನು. ಒಂದು ಕೊಪ್ಪರಿಗೆಯ ಹಾಗೆಯೇ ಇನ್ನೊಂದು ಎಂದುಕೊಂಡಿದ್ದೆ. ಎಂಬತ್ತೊಂದೂವರೆ ಬಂದದ್ದು ಇಲ್ಲೇ, ಮೊದಲ ದಿನ.

ಅಳತೆಯ ಕ್ರಮ ಹೀಗಿತ್ತು. ಗಾಣಕ್ಕೆ ಹೋಗುವ ಕಬ್ಬಿನ ಪ್ರತಿಯೊಂದು ಹೊರೆಯನ್ನೂ ತೂಕ ಮಾಡಿಸುತ್ತಿದ್ದೆ. ಡೀಸೆಲ್ ಇಂಜಿನ್ನಿನ ಗಾಣದಿಂದ ಹಾಲು ಎರಡು ಡ್ರಮ್ಮುಗಳಿಗೆ ಹರಿಯುತ್ತಿತ್ತು. ಡ್ರಮ್ಮಿಗೆ ಮೊದಲೇ ಲೀಟರಿನ ಲೆಕ್ಕದಲ್ಲಿ ನೀರು ಹೊಯ್ದು ಒಂದು ಬಿದಿರಿನ ಕೋಲಿಗೆ ಗುರುತು ಕೊರೆದುಕೊಂಡಿದ್ದೆ. ಹಾಲನ್ನು ಉದ್ದನೆಯ ಜಾಡಿಗೆ ತುಂಬಿ, ನೊರೆ ಇಳಿಯುವವರೆಗೆ ಕಾದು, ಬ್ರಿಕ್ಸ್ ಮಾಪಕ ಎನ್ನುವ ಗಾಜಿನ ಕೊಳವೆಯನ್ನು ತೇಲಿಬಿಟ್ಟರೆ ನೂರು ಭಾಗ ಹಾಲಿನಲ್ಲಿ ಎಷ್ಟು ಭಾಗ ಸಿಹಿ ಅಂಶ ಎಂದು ತೋರಿಸುತ್ತಿತ್ತು. ಕೊನೆಗೆ ಜೋನಿಯನ್ನು ತೂಗಿ, ಸ್ವಲ್ಪ ಜೋನಿಗೆ ಅಷ್ಟೇ ತೂಕದ ನೀರು ಬೆರೆಸಿ, ಮತ್ತೆ ಅದೇ ಮಾಪಕದಲ್ಲಿ ನೋಡಿ ಎರಡರಿಂದ ಗುಣಿಸುತ್ತಿದ್ದೆ. ಇಷ್ಟೇ. ಇದರಲ್ಲಿ ಎಲ್ಲಿಯೂ ಸಿಹಿ ಹೆಚ್ಚಾಗಲು ದಾರಿಯಿಲ್ಲ.

ಮರುದಿನ ನೂರಕ್ಕೆ ನೂರಾ ಒಂದು ಬಂತು. ಅದರ ಮರುದಿನ ನೂರಾ ಮೂರು.

ನನ್ನ ನೆಮ್ಮದಿ ಹೋಯಿತು. ತಕ್ಕಡಿಯನ್ನು ಅನುಮಾನಿಸಿದೆ. ಪೇಟೆಯಿಂದ ಮೊಹರು ಇದ್ದ ತೂಕದ ಕಲ್ಲುಗಳನ್ನು ತರಿಸಿ ಇಟ್ಟು ನೋಡಿದರೆ ತಕ್ಕಡಿ ಸರಿಯಾಗಿತ್ತು. ಡ್ರಮ್ಮಿನ ತಳ ಸೊಟ್ಟಗಾಗಿದೆಯೇ ಎಂದು ಬಗ್ಗಿ ಕೈಯಾಡಿಸಿದೆ. ಬ್ರಿಕ್ಸ್ ಮಾಪಕವನ್ನು ಬರೀ ನೀರಿಗೆ ಬಿಟ್ಟೆ, ಸೊನ್ನೆಯಲ್ಲೇ ನಿಂತಿತು. ಬಸ್ಸಿನಲ್ಲಿ ಕುಳಿತಾಗಲೂ ಬೆರಳುಗಳು ತೊಡೆಯ ಮೇಲೆ ಗುಣಾಕಾರ ಮಾಡುತ್ತಿದ್ದವು. ಒಂದು ದಿನ ಇಳಿಯಬೇಕಾದ ಸ್ಟಾಪನ್ನೇ ಮರೆತು ಮುಂದಿನ ಊರಿಗೆ ಹೋಗಿಬಿಟ್ಟೆ.

ಆ ಆಲೆಮನೆಯಲ್ಲಿ ಜೋನಿಯ ಹದ ನೋಡುತ್ತಿದ್ದವರು ಐವತ್ತರ ಆಸುಪಾಸಿನ ಒಬ್ಬರು. ಎಲ್ಲರೂ ಅವರನ್ನು ಕೊಪ್ಪರಿಗೆಯವರು ಎಂದೇ ಕರೆಯುತ್ತಿದ್ದರು. ಎಡಗೈಯ ಮೇಲೆ ಮೊಣಕೈವರೆಗೂ ಹಳೆಯ ಸುಟ್ಟ ಗಾಯದ ಕಲೆ. ಮಾತು ಕಡಿಮೆ. ನನ್ನ ಥರ್ಮಾಮೀಟರು ನೂರಾ ಆರು ಡಿಗ್ರಿ ತೋರಿಸುವ ಹೊತ್ತಿಗೆ ಸರಿಯಾಗಿ, ಅದನ್ನು ನೋಡದೆಯೇ, ಅವರು ಸೌಟೆತ್ತಿ ಜೋನಿ ಬೀಳುವ ರೀತಿ ನೋಡಿ "ಆತು" ಎನ್ನುತ್ತಿದ್ದರು. ಅವರ ಹೆಂಡತಿ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಹಾಕುತ್ತಿದ್ದರು. ಅವರನ್ನು ನಾನು ಆಳುಗಳ ಸಂಖ್ಯೆಯಲ್ಲಿ 'ಉರಿ, ಒಬ್ಬರು' ಎಂದು ಬರೆದುಕೊಂಡಿದ್ದೆ. ಹೆಚ್ಚು ಮಾತಾಡಿಸಿರಲಿಲ್ಲ.

ಐದನೇ ದಿನ ಯೋಜನೆಯ ಮುಖ್ಯಸ್ಥರಿಗೆ ಪೇಟೆಯ ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿದೆ. ಅವರು ಕೇಳಿ ನಕ್ಕರು.

"ಸಕ್ಕರೆ ಸುರೀತಾ ಇದ್ದಾರೆ ಅಷ್ಟೆ. ನೀವು ಬರೋಕೆ ಮೊದಲೇ ಹಾಕಿಟ್ಟಿರ್ತಾರೆ. ಒಳ್ಳೆ ಅಂಕಿ ಬಂದರೆ ಒಲೆ ಬರುತ್ತೆ ಅಂತ. ಬರೆದು ಮುಗಿಸಿ. ತಿಂಗಳ ಕೊನೆಗೆ ವರದಿ ನನ್ನ ಮೇಜಿನ ಮೇಲಿರಬೇಕು."

ಹಾಗೆ ಬೆರೆಸುವವರಿದ್ದಾರೆ ಎಂದು ನಾನೂ ಕೇಳಿದ್ದೆ. ಬೂತಿನಿಂದ ಹೊರಗೆ ಬರುವಾಗ ಒಂದು ಥರದ ಸಮಾಧಾನವೂ ಆಯಿತು ಎಂದು ಒಪ್ಪಿಕೊಳ್ಳಬೇಕು. ತಪ್ಪು ನನ್ನ ಸಲಕರಣೆಯದಲ್ಲ, ನನ್ನದಲ್ಲ.

ಮರುದಿನ ಕೊಪ್ಪರಿಗೆಯವರನ್ನು ನೇರವಾಗಿ ಕೇಳಿದೆ. ಅವರು ಮಡ್ಡಿ ತೆಗೆಯುತ್ತಿದ್ದರು. ಹಾಲು ಕುದಿಯಲು ಶುರುವಾದಾಗ ಸುಣ್ಣದ ತಿಳಿ, ಬೆಂಡೆ ಗಿಡದ ಲೋಳೆ ಹಾಕುತ್ತಾರೆ. ಕೊಳೆಯೆಲ್ಲ ಹಸಿರು ಮಿಶ್ರಿತ ಕಪ್ಪು ನೊರೆಯಾಗಿ ಮೇಲೆ ಬರುತ್ತದೆ. ಅದೇ ಮಡ್ಡಿ. ತೂತಿನ ಸೌಟಿನಲ್ಲಿ ಅದನ್ನು ಬಾಚಿ ಪಕ್ಕದ ಬಕೆಟ್ಟಿಗೆ ಹಾಕುತ್ತಿರಬೇಕು.

"ಹಾಲಿಗೆ ಬೇರೆ ಏನಾದರೂ ಸೇರಿಸ್ತೀರಾ?" ಎಂದೆ.

"ಸುಣ್ಣ, ಬೆಂಡೆ. ನೀವೇ ನೋಡಿದ್ದೀರಲ್ಲ."

"ಅದಲ್ಲ. ಸಕ್ಕರೆ."

ಸೌಟು ನಿಂತಿತು. ಅವರು ನನ್ನ ಮುಖ ನೋಡಿದರು.

"ಮೇಡಂ, ನೀವು ಸಕ್ಕರೆ ಫ್ಯಾಕ್ಟ್ರಿಯಲ್ಲಿ ಇದ್ದವರು ಅಂತ ಹೇಳಿದ್ರು. ಜೋನಿಗೆ ಸಕ್ಕರೆ ಹಾಕಿದ್ರೆ ಎಂತ ಆಗ್ತದೆ ಅಂತ ನಿಮಗೆ ಗೊತ್ತಿರಬೇಕಲ್ಲ."

"ಲೆಕ್ಕ ಹೊಂದುತ್ತಿಲ್ಲ. ಅದಕ್ಕೆ ಕೇಳಿದೆ."

"ನಾನು ಎಂತದ್ದೂ ಹಾಕಿಲ್ಲ" ಎಂದು ಅವರು ಮತ್ತೆ ಮಡ್ಡಿ ಬಾಚತೊಡಗಿದರು. ಒಲೆಯ ಬಾಯಿಯ ಹತ್ತಿರ ಕುಳಿತಿದ್ದ ಹೆಂಡತಿ ಸಿಪ್ಪೆ ಹಾಕುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದರು. ಕೊಪ್ಪರಿಗೆಯ ಕುದಿ ಇಳಿಯಿತು. ಗಂಡ ತಿರುಗಿ ನೋಡಿದ ಮೇಲೆ ಮತ್ತೆ ಹಾಕಿದರು.

ನಾನು ಅಲ್ಲಿಗೆ ಬಿಡಬಹುದಿತ್ತು. ಬಿಡದೆ ಯಜಮಾನರ ಹತ್ತಿರ ಹೋಗಿ, ಅಂಕಿಗಳನ್ನು ತೋರಿಸಿ, ಸಕ್ಕರೆ ಬೆರೆತಿರುವ ಸಂಶಯ ಇದೆ ಎಂದೆ. 'ಸಂಶಯ' ಎಂಬ ಪದವನ್ನು ಎಚ್ಚರಿಕೆಯಿಂದಲೇ ಬಳಸಿದ್ದೆ. ಯಜಮಾನರು ಸಾಧು ಮನುಷ್ಯ, ಊರಲ್ಲಿ ಹೆಸರು ಉಳಿಸಿಕೊಂಡು ಬಂದ ಮನೆತನದವರು. ಬಾಳೆಹೊನ್ನೂರಿನ ಮಠದ ಕಡೆಯ ಮನೆಗಳಿಗೆಲ್ಲ ಅವರ ಜೋನಿಯೇ ಹೋಗುತ್ತಿತ್ತು. ಅವರ ಮುಖ ಸಣ್ಣದಾಯಿತು.

"ನಮ್ಮ ಆಲೆಮನೆಯಲ್ಲಾ?" ಎಂದರು. ನೋಟ್‌ಬುಕ್ಕನ್ನು ನನಗೆ ವಾಪಸ್ ಕೊಡುತ್ತಾ, "ಇದು ಹೊರಗೆ ಹೋದ್ರೆ ಜನ ಎಂತ ಹೇಳ್ತಾರೆ ಮಾರಾಯ್ರೆ" ಎಂದರು.

ಎರಡು ದಿನ ಬಿಟ್ಟು ನಾನು ಹೋದಾಗ ಕೊಪ್ಪರಿಗೆಯ ಹತ್ತಿರ ಬೇರೆ ಯಾರೋ ನಿಂತಿದ್ದರು. ಗಂಡ ಹೆಂಡತಿ ಇಬ್ಬರನ್ನೂ ಕೆಲಸ ಬಿಡಿಸಿ ಕಳಿಸಿ ಆಗಿತ್ತು.

ಆ ದಿನ ನೂರಕ್ಕೆ ತೊಂಬತ್ತು ಬಂತು.

ಅಂಕಿ ನೋಡಿ ಮೊದಲು ಅನಿಸಿದ್ದು ನಾನು ಹೇಳಿದ್ದೇ ಸರಿ ಎಂದು. ಆಳು ಬದಲಾದ, ಹೆಚ್ಚಿನ ಸಿಹಿ ಮಾಯವಾಯಿತು. ಇನ್ನೇನು ಸಾಕ್ಷಿ ಬೇಕು? ಮರುದಿನವೂ ತೊಂಬತ್ತೇ ಬಂತು. ಯಜಮಾನರು ನೋಟ್‌ಬುಕ್ಕನ್ನು ನೋಡಿ ತಲೆಯಾಡಿಸಿ ಒಳಗೆ ಹೋದರು. ನನಗೆ ಮಾತ್ರ ಕೂತಲ್ಲಿ ಕೂರಲು ಆಗಲಿಲ್ಲ. ವರದಿಯ ಕರಡು ಬರೆಯಲು ರೂಮಿನಲ್ಲಿ ಕುಳಿತರೆ ಎರಡು ಸಾಲಿಗೆ ಎದ್ದು ಕಿಟಕಿಗೆ ಹೋಗುತ್ತಿದ್ದೆ. ಕೊಪ್ಪರಿಗೆಯವರ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ. ಜೋನಿಗೆ ಸಕ್ಕರೆ ಹಾಕಿದರೆ ಏನಾಗುತ್ತದೆ?

ಹರಳುಗಟ್ಟುತ್ತದೆ. ಇದು ನಮ್ಮ ವಿದ್ಯೆಯ ಮೊದಲ ಪಾಠ. ಸಕ್ಕರೆ ಹೆಚ್ಚಾದ ಪಾಕ ತಣ್ಣಗೆ ಇಟ್ಟರೆ ತಳದಲ್ಲಿ ಹರಳು ಕೂರುತ್ತದೆ. ಜೋನಿ ಜೋನಿಯಾಗಿ ಉಳಿಯುವುದೇ ಅದರಲ್ಲಿ ಹರಳುಗಟ್ಟದ ಬೇರೆ ಸಿಹಿಯೂ ಸಾಕಷ್ಟು ಇರುವುದರಿಂದ. ಪ್ರತಿ ಕೊಪ್ಪರಿಗೆಯಿಂದಲೂ ನಾನು ಒಂದೊಂದು ಸಣ್ಣ ಶೀಷೆಯಲ್ಲಿ ಮಾದರಿ ತೆಗೆದಿಟ್ಟಿದ್ದೆ. ಮಂಚದ ಕೆಳಗಿದ್ದ ಪೆಟ್ಟಿಗೆಯನ್ನು ಎಳೆದು ಶೀಷೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬೋರಲು ಮಾಡಿದೆ. ಜೋನಿ ನಿಧಾನವಾಗಿ ಜಾರಿತು, ತಳದಲ್ಲಿ ಏನೂ ಉಳಿಯಲಿಲ್ಲ. ಒಂದು ಕಡ್ಡಿ ಅದ್ದಿ ನಾಲಿಗೆಗೆ ಇಟ್ಟು ನೋಡಿದೆ. ಮರಳು ಮರಳು ಅನಿಸಲಿಲ್ಲ. ನೂರಾ ಎರಡು ಬಂದ ದಿನದ ಶೀಷೆ, ನೂರಾ ಮೂರು ಬಂದ ದಿನದ ಶೀಷೆ, ಎಲ್ಲವೂ ಹಾಗೇ. ಕೆಲವು ದಿನಗಳಲ್ಲಿ ಹರಳು ಬರದಿದ್ದ ಮಾತ್ರಕ್ಕೆ ಇದು ಖಚಿತ ಸಾಕ್ಷಿಯಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಕೆಲಸ ಬಿಡಿಸುವ ಮೊದಲು ಈ ಪೆಟ್ಟಿಗೆಯನ್ನು ನಾನು ತೆರೆದೇ ನೋಡಿರಲಿಲ್ಲ. ಅದು ಚುಚ್ಚಿತು.

ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ. ಮಾಮೂಲಿ ಬಸ್ಸಿಗಿಂತ ಎರಡು ಗಂಟೆ ಮೊದಲು ತಲುಪಿದೆ. ಆಲೆಮನೆಯಲ್ಲಿ ಎರಡನೇ ಕೊಪ್ಪರಿಗೆ ಏರಿತ್ತು. ಹೊಸಬ ಮಡ್ಡಿ ಬಾಚಿ ಬಕೆಟ್ಟಿಗೆ ಹಾಕಿದ, ಬಕೆಟ್ ತುಂಬಿದಾಗ ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ಕಲ್ಲಿನ ಬಾನಿಗೆ ಸುರಿದ. ಎರಡು ಎಮ್ಮೆಗಳು ಅದಕ್ಕೇ ಕಾದು ನಿಂತಿದ್ದವು.

ಗಾಣಕ್ಕೆ ಕಬ್ಬು ಕೊಡುತ್ತಿದ್ದ ಆಳು ಅದನ್ನು ನೋಡಿ ನಕ್ಕ. "ಈ ವರ್ಷ ಎಮ್ಮೆಗಳಿಗೆ ಈಗ ಹಬ್ಬ ಶುರುವಾತು ನೋಡಿ. ಅಕ್ಕ ಇದ್ದಾಗ ಇವಕ್ಕೆ ಬರೀ ಕಸ ಸಿಗ್ತಿತ್ತು."

"ಯಾವ ಅಕ್ಕ?"

"ಕೊಪ್ಪರಿಗೆಯವರ ಹೆಂಡತಿ. ಅವರು ಮಡ್ಡೀನ ಡ್ರಮ್ಮಲ್ಲಿ ಇಡ್ತಿದ್ರಲ್ಲ."

"ಇಟ್ಟು?"

"ಎಂತ ಮಾಡ್ತಿದ್ರೋ. ತಿಳಿ ಮೇಲೆ ಬಂದ ಮೇಲೆ ಬಸಿದು ವಾಪಸ್ ಕೊಪ್ಪರಿಗೆಗೇ ಹಾಕ್ತಿದ್ರು. ಮೂರು ಕೊಡ ಆಗ್ತಿತ್ತು ಮೂರನೇ ಕೊಪ್ಪರಿಗೆ ಹೊತ್ತಿಗೆ."

ಅವನು ಕಬ್ಬು ಕೊಡುತ್ತಲೇ ಹೇಳಿದ. ನಾನು ಬಾನಿಯ ಹತ್ತಿರ ಹೋಗಿ, ಎಮ್ಮೆಯನ್ನು ಸರಿಸಿ, ಮಡ್ಡಿಯನ್ನು ಬಟ್ಟೆಯಲ್ಲಿ ಸೋಸಿ ಜಾಡಿಗೆ ತುಂಬಿದೆ. ಮಾಪಕ ಇಪ್ಪತ್ತೆಂಟರಲ್ಲಿ ನಿಂತಿತು. ಹಾಲಿಗಿಂತ ಇದೇ ಹೆಚ್ಚು ಸಿಹಿ. ಜಾಡಿ ಹಿಡಿದುಕೊಂಡು ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಆಳನ್ನು ಮತ್ತೆ ಕೇಳಿ ತಿಳಿದುಕೊಂಡ ಮೇಲೆ, ನಡೆದದ್ದು ಇಷ್ಟು. ಎರಡು ಕೊಪ್ಪರಿಗೆಯ ಮಡ್ಡಿಯಿಂದ ಬಸಿದ ತಿಳಿಯನ್ನೂ, ಸೌಟು ಡಬ್ಬಿ ತೊಳೆದ ಸಿಹಿ ನೀರನ್ನೂ ಆಕೆ ಸೇರಿಸಿಟ್ಟು ಮೂರನೆಯದಕ್ಕೆ ಹಾಕುತ್ತಿದ್ದರು. ಜೋನಿ ಇಳಿಸಿದ ಕೂಡಲೇ ಕೊಪ್ಪರಿಗೆ ಬರಿದಾಗಿದ್ದರೆ ಒಲೆಯ ಕಾವಿಗೆ ತಳ ಸೀಯುತ್ತದೆ. ನಾನು ಡ್ರಮ್ಮಿನ ಹಾಲನ್ನು ಅಳೆದು ಸರಿ ಎನ್ನುವವರೆಗೂ ಹಾಲು ಹೊಯ್ಯಬಾರದೆಂದು ನಾನೇ ಹೇಳಿದ್ದೆ. ಆ ಹೊತ್ತಿನಲ್ಲಿ ನಾನು ಗಾಣದ ಬಳಿ ಕೋಲು ಹಿಡಿದು ನಿಂತಿರುತ್ತಿದ್ದೆ. ಅವರು ಕೊಪ್ಪರಿಗೆ ಸೀಯದಿರಲಿ ಎಂದು ಮೂರು ಕೊಡ ತಿಳಿಯನ್ನು ಮೊದಲು ಹೊಯ್ದುಬಿಡುತ್ತಿದ್ದರು. ಬೆಳಗಿನ ಎರಡು ಕೊಪ್ಪರಿಗೆಯ ಸಿಹಿ ನನ್ನ ಮೂರನೆಯದರಲ್ಲಿ ಬಂದು ಕೂರುತ್ತಿತ್ತು. ನನ್ನ ಬಸ್ಸಿನ ವೇಳೆಗೆ ತಕ್ಕಂತೆ ನಾನು ದಿನದ ಒಂದು ತುಂಡನ್ನು ಕತ್ತರಿಸಿ ಅದನ್ನೇ ಇಡೀ ದಿನ ಎಂದು ಲೆಕ್ಕ ಹಾಕಿದ್ದೆ. ಸಕ್ಕರೆ ಹಾಕಿಲ್ಲ ಎಂದು ಕೊಪ್ಪರಿಗೆಯವರು ಹೇಳಿದ್ದು ನಿಜ. ಅವರು ಬೇರೇನೂ ಹಾಕಿರಲಿಲ್ಲ. ಅದೇ ಕಬ್ಬಿನ ಹಾಲು.

ಯಜಮಾನರಿಗೆ ಹೇಳಲು ಹೋದೆ. ಅವರು ಜಗುಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ನಾನು ಹೇಳಿ ಮುಗಿಸಿದ ಮೇಲೆ ಅಡಕತ್ತರಿ ಕೆಳಗಿಟ್ಟರು.

"ಹಂಗಾದ್ರೆ ಅವರದ್ದು ತಪ್ಪಿಲ್ಲ."

"ಇಲ್ಲ. ತಪ್ಪು ನನ್ನದು."

"ಹನ್ನೊಂದು ವರ್ಷ ಇಲ್ಲಿ ಕೆಲಸ ಮಾಡಿದವರು. ಹೋಗುವಾಗ ಒಂದು ಮಾತು ಆಡ್ಲಿಲ್ಲ ಅವರು" ಎಂದರು. ಆಮೇಲೆ ನನ್ನ ಕಡೆ ನೋಡದೆ, "ನಾನೂ ಕೇಳ್ಲಿಲ್ಲ ಬಿಡಿ" ಎಂದರು.

ಅವರಿಬ್ಬರೂ ಮೇಗುಂದದ ಆಲೆಮನೆಗೆ ಹೋಗಿದ್ದಾರೆಂದು ಗಾಣದ ಆಳಿನಿಂದ ತಿಳಿಯಿತು. ಅಲ್ಲಿ ಮೊದಲು ಯಜಮಾನನೇ ಕೊಪ್ಪರಿಗೆ ನೋಡಿಕೊಳ್ಳುತ್ತಿದ್ದ. ಅವನಿಗೆ ಸೊಂಟ ಹಿಡಿದು ಆಳು ಬೇಕಾಗಿತ್ತು. ನನಗೆ ಎರಡು ದಾರಿ ಇತ್ತು. ನರಸಿಂಹರಾಜಪುರದ ಅಂಕಿಗೆ ತೊಂಬತ್ತು ಎಂದು ಬರೆದು, ಮೂರೂ ಕಡೆ ಹೆಚ್ಚುಕಮ್ಮಿ ಒಂದೇ ಎಂದು ವರದಿ ಮುಗಿಸುವುದು ಒಂದು. ಅದರಲ್ಲಿ ಸುಳ್ಳೇನೂ ಇರುತ್ತಿರಲಿಲ್ಲ. ಮೇಗುಂದಕ್ಕೆ ಹೋಗಿ ಅವರ ಕೈಯ ಕೆಲಸವನ್ನು ಇಡೀ ದಿನ ಅಳೆಯುವುದು ಇನ್ನೊಂದು. ಮುಖ್ಯಸ್ಥರು ಫೋನಿನಲ್ಲಿ ಮೊದಲನೆಯದನ್ನೇ ಹೇಳಿದರು.

"ತೊಂಬತ್ತು ಬಂತಲ್ಲ, ಅದನ್ನೇ ಹಾಕಿ. ಹಳೇದನ್ನ ಯಾಕೆ ಕೆದಕ್ತೀರಿ?"

"ಆ ತೊಂಬತ್ತು ಬಂದದ್ದು ಅವರನ್ನ ಕಳಿಸಿದ ಮೇಲೆ ಸಾರ್. ಕಳಿಸಿದ್ದು ನನ್ನ ಮಾತಿನಿಂದ. ಅವರ ಕೈಯಲ್ಲಿ ಎಷ್ಟು ಬರುತ್ತಿತ್ತು ಅಂತ ನಾನು ಇನ್ನೂ ಅಳೆದೇ ಇಲ್ಲ."

"ಒಂದು ವಾರ ತಡವಾಗುತ್ತೆ."

"ಆಗಲಿ."

"ತಡವಾದದ್ದಕ್ಕೆ ಕಾರಣ ಏನು ಬರೀತೀರಿ?"

"ನಾನು ತಪ್ಪು ಅಳೆದೆ ಅಂತ ಮೊದಲ ಪುಟದಲ್ಲೇ ಬರೀತೀನಿ."

"ವರದಿ ನಿಮ್ಮ ಹೆಸರಲ್ಲೇ ಹೋಗುತ್ತೆ, ನೆನಪಿರಲಿ" ಎಂದು ಅವರು ಫೋನ್ ಇಟ್ಟರು.

ಮೇಗುಂದಕ್ಕೆ ಹೋದದ್ದು ಮಧ್ಯಾಹ್ನ. ಕೊಪ್ಪರಿಗೆಯವರು ನನ್ನನ್ನು ನೋಡಿದರು, ನೋಡದವರ ಹಾಗೆ ಸೌಟು ಆಡಿಸಿದರು. ಹೆಂಡತಿ ಅಂಗಳದಲ್ಲಿ ಸಿಪ್ಪೆ ಹರವುತ್ತಿದ್ದರು. ನಾನು ಪೆಟ್ಟಿಗೆ ಕೆಳಗಿಟ್ಟು ಇಬ್ಬರಿಗೂ ಕೇಳುವ ಹಾಗೆ ಹೇಳಿದೆ. ಬಸ್ಸು, ಮೂರನೇ ಕೊಪ್ಪರಿಗೆ, ಮಡ್ಡಿ, ಎಮ್ಮೆ, ಎಲ್ಲವನ್ನೂ ಹೇಳಿ, "ನಾನು ತಿಳಿಯದೆ ನಿಮ್ಮ ಮೇಲೆ ಹಾಕಿದೆ. ತಪ್ಪಾಯಿತು. ನಿಮ್ಮ ಹಳೆಯ ಯಜಮಾನರಿಗೂ ಹೇಳಿ ಬಂದಿದ್ದೇನೆ" ಎಂದೆ.

ಹಾಲು ಉಕ್ಕಿ ಬಂತು, ಕೊಪ್ಪರಿಗೆಯವರು ಎರಡು ಹನಿ ಎಣ್ಣೆ ಚಿಮುಕಿಸಿ ಉಕ್ಕನ್ನು ಇಳಿಸಿದರು.

"ನೀವು ಕಳ್ಳ ಅಂದ್ರೂ ಇಷ್ಟು ಬೇಜಾರಾಗ್ತಿರ್ಲಿಲ್ಲ. ಜೋನಿಗೆ ಸಕ್ಕರೆ ಹಾಕುವಷ್ಟು ಕೆಲಸ ಬರದವ ಅಂತ ತಿಳ್ಕೊಂಡ್ರಲ್ಲ, ಅದು."

ಹೆಂಡತಿ ಸಿಪ್ಪೆ ಹರವುವುದನ್ನು ಬಿಟ್ಟು ಬಂದು ನಿಂತರು. "ಮಡ್ಡಿ ವಿಷಯ ನನ್ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ" ಎಂದರು. "ನೀವು ಇವರನ್ನ ಕೇಳಿದ್ರಿ. ಇವರಿಗೆ ಅದು ನೆನಪೂ ಇರೋದಿಲ್ಲ."

"ಈಗ ಕೇಳ್ತಾ ಇದ್ದೀನಿ. ತೋರಿಸ್ತೀರಾ?"

"ನಾಳೆ ಬೆಳಿಗ್ಗೆ ಉರಿ ಹಾಕುವ ಹೊತ್ತಿಗೆ ಬನ್ನಿ. ಬಸ್ಸಿಗೆ ಬರುವುದಾದ್ರೆ ಬೇಡ."

ಮೇಗುಂದದ ಯಜಮಾನನ ಮನೆಯಲ್ಲೇ ಉಳಿದೆ. ಬೆಳಗ್ಗೆ ಐದಕ್ಕೆ ಆಲೆಮನೆಯಲ್ಲಿದ್ದೆ. ಆಕೆ ಒಂದು ಹಳೆಯ ಅರ್ಧ ಡ್ರಮ್ಮನ್ನು ಒಲೆಯ ಹಿಂಬದಿಯ ಗೋಡೆಗೆ ತಾಗಿಸಿ ಇಟ್ಟಿದ್ದರು. ಅಲ್ಲಿ ಕಾವು ಇರುತ್ತದೆ, ಕುದಿ ಬರುವುದಿಲ್ಲ. ಮಡ್ಡಿಯನ್ನು ಅದಕ್ಕೆ ಹಾಕಿ ಇನ್ನಷ್ಟು ಬೆಂಡೆ ಲೋಳೆ ಬೆರೆಸಿ ಗೋಣಿ ಮುಚ್ಚುತ್ತಿದ್ದರು.

"ತಣ್ಣಗಾದ್ರೆ ತಿಳಿ ಒಡೆಯೂದಿಲ್ಲ. ಬಿಸಿ ಹೆಚ್ಚಾದ್ರೆ ಕಲಕಿ ಹೋಗ್ತದೆ" ಎಂದು ಆಕೆ ಡ್ರಮ್ಮಿನ ಪಕ್ಕಕ್ಕೆ ಅಂಗೈ ಒತ್ತಿ ನೋಡಿದರು. ನನ್ನ ಕೈಯನ್ನೂ ಒತ್ತಿಸಿದರು. ಥರ್ಮಾಮೀಟರು ಎಪ್ಪತ್ತು ತೋರಿಸಿತು. ನಾನು ಬರೆದುಕೊಂಡೆ.

"ಯಾರು ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ. ಎಮ್ಮೆಗಳು ಅದಕ್ಕೆ ಅಷ್ಟು ಹಾರ್ತಿದ್ವು. ಅಷ್ಟು ಹಾರಬೇಕಾದ್ರೆ ಒಳಗೆ ಎಂತೋ ಇರ್ಬೇಕು ಅಂತ ಕಂಡ್ತು."

ಆ ದಿನ ನಾನು ಒಂದು ಕ್ಷಣವೂ ಗಾಣದ ಹತ್ತಿರ ಸಿಕ್ಕಿಹಾಕಿಕೊಳ್ಳಲಿಲ್ಲ. ಕಬ್ಬಿನ ತೂಕಕ್ಕೆ ಯಜಮಾನನನ್ನೇ ಕೂರಿಸಿದೆ, ಅವನಿಗೆ ಸೊಂಟ ನೋವಿದ್ದುದರಿಂದ ಕೂರುವ ಕೆಲಸ ಒಪ್ಪಿಗೆಯಾಯಿತು. ಮೊದಲ ಉರಿಯಿಂದ ಕೊನೆಯ ಡಬ್ಬಿಯವರೆಗೆ ಮೂರು ಕೊಪ್ಪರಿಗೆಯನ್ನೂ ಒಂದೇ ಲೆಕ್ಕವಾಗಿ ಹಿಡಿದೆ. ಡ್ರಮ್ಮಿಗೆ ಹೋದ ಮಡ್ಡಿ, ಅದರಿಂದ ಬಂದ ತಿಳಿ, ಎಸೆದ ಕಸ, ಕೊನೆಗೆ ಮರುದಿನಕ್ಕೆಂದು ಉಳಿಸಿದ್ದು, ಎಲ್ಲವನ್ನೂ ತೂಗಿದೆ. ನಡುವೆ ಒಮ್ಮೆ ಇಂಜಿನ್ನಿನ ಬೆಲ್ಟ್ ಹರಿದು ಒಂದು ಗಂಟೆ ಗಾಣ ನಿಂತಿತು. ಕೊಪ್ಪರಿಗೆಯವರು ಉರಿ ತಗ್ಗಿಸಿಕೊಂಡು ಹದ ಕೆಡದಂತೆ ಕಾದರು. ಆ ಒಂದು ಗಂಟೆ ನಾನು ಅಂಗಳದ ಉದ್ದಕ್ಕೂ ನಡೆದಾಡಿದ್ದೇ ನಡೆದಾಡಿದ್ದು.

"ಕೂತ್ಕೊಳ್ಳಿ ಮೇಡಂ" ಎಂದರು ಅವರು. ಮೊದಲ ಸಲ ತಾವಾಗಿ ಆಡಿದ ಮಾತು. "ನೀವು ನಡೆದ್ರೆ ಬೆಲ್ಟ್ ಬೇಗ ಕೂಡೂದಿಲ್ಲ."

ಸಂಜೆ ನಾಲ್ಕೂವರೆಗೆ ಲೆಕ್ಕ ಕೂಡಿಸಿದೆ. ಅದೇ ಗಾಣ, ಅದೇ ಹಳೆಯ ಒಲೆ, ಅದೇ ಗದ್ದೆಯ ಕಬ್ಬು. ಮೊದಲು ಇಲ್ಲಿ ನೂರಕ್ಕೆ ತೊಂಬತ್ತೊಂದು ಬಂದಿತ್ತು. ಈಗ ತೊಂಬತ್ತಾರು. ಹೊಸ ಒಲೆಯಿಂದ ಉರುವಲು ಉಳಿಯುತ್ತದೆಂದು ನಮ್ಮ ಯೋಜನೆಯವರು ಲೆಕ್ಕ ಹಾಕಿದ್ದರು, ಆದರೆ ಜೋನಿಯಲ್ಲಿ ಇಷ್ಟು ಹೆಚ್ಚಾಗಬಹುದೆಂದು ಯಾರೂ ಹೇಳಿರಲಿಲ್ಲ. ಇದಕ್ಕೆ ಬೇಕಾದದ್ದು ಅರ್ಧ ಡ್ರಮ್ಮು, ಒಂದು ಗೋಣಿ, ಮತ್ತು ಯಾವ ಕಾವಿನಲ್ಲಿ ಬಿಡಬೇಕೆಂದು ತಿಳಿದ ಒಂದು ಕೈ. ವರದಿಯಲ್ಲಿ ಆ ವಿಧಾನವನ್ನು ಮೂರೂ ಆಲೆಮನೆಗಳಿಗೆ ಮೊದಲ ಶಿಫಾರಸು ಎಂದು ಹಾಕಬೇಕೆಂದು ಅಲ್ಲೇ ಬರೆದುಕೊಂಡೆ. 'ಉರಿ, ಒಬ್ಬರು' ಎಂಬ ಸಾಲನ್ನು ಹೊಡೆದುಹಾಕಿ, ಅವರ ಹೆಸರು ಕೇಳಿ ಬರೆದೆ.

ಅಷ್ಟರಲ್ಲಿ ನರಸಿಂಹರಾಜಪುರದ ಯಜಮಾನರು ಒಂದು ಜೀಪು ಮಾಡಿಕೊಂಡು ಬಂದಿಳಿದರು. ಕೊಪ್ಪರಿಗೆಯವರ ಎದುರು ನಿಂತು, "ನಾನು ಕೇಳದೆ ಕಳಿಸಿದ್ದು ತಪ್ಪಾತು ಮಾರಾಯ. ವಾಪಸ್ ಬಾ" ಎಂದರು. ಕೊಪ್ಪರಿಗೆಯವರು ಹೆಂಡತಿಯ ಕಡೆ ನೋಡಿದರು.

"ಇಲ್ಲಿನ ಯಜಮಾನ್ರಿಗೆ ಸೊಂಟ ಸರಿಯಾಗುವವರೆಗೆ ಇಲ್ಲಿ ಇರ್ತೀವಿ ಅಂತ ಮಾತು ಕೊಟ್ಟಾತು" ಎಂದರು ಆಕೆ. "ಮುಂದಿನ ಹಂಗಾಮಿಗೆ ನೋಡಾಣ." ಯಜಮಾನರು ಮತ್ತೆ ಒತ್ತಾಯಿಸಲಿಲ್ಲ. ಕಾಫಿ ಕುಡಿದು, ಗೋಡೆಗೆ ತಾಗಿಸಿದ ಅರ್ಧ ಡ್ರಮ್ಮನ್ನು ಸುತ್ತ ಬಂದು ನೋಡಿ ಹೋದರು. ಹನ್ನೊಂದು ವರ್ಷ ಅಂಥದ್ದೇ ಒಂದು ಅವರ ಆಲೆಮನೆಯಲ್ಲೇ ಇತ್ತು.

ಜೀಪು ಹೋದ ಮೇಲೆ ನಾನು ಸಲಕರಣೆಗಳನ್ನು ತೊಳೆದು ಪೆಟ್ಟಿಗೆಗೆ ಇಡುತ್ತಿದ್ದೆ. ಬೆಳಿಗ್ಗೆಯ ಬಸ್ಸಿಗೆ ಹೊರಡುವುದೆಂದು ತೀರ್ಮಾನಿಸಿದ್ದೆ. ಆಕೆ ಬಂದು ಪಕ್ಕದಲ್ಲಿ ಕುಳಿತು ನೋಟ್‌ಬುಕ್ಕಿನ ಪುಟವನ್ನು ನೋಡಿದರು.

"ಎಷ್ಟು ಬಂತು?"

"ನೂರು ಭಾಗ ಒಳಗೆ ಹೋದರೆ ತೊಂಬತ್ತಾರು ಹೊರಗೆ ಬಂತು. ಮೂರು ಕಡೆಯಲ್ಲಿ ಇದೇ ಹೆಚ್ಚು."

ಆಕೆಗೆ ಖುಷಿಯಾಗಬಹುದು ಎಂದುಕೊಂಡಿದ್ದೆ. ಆಕೆ ಹುಬ್ಬು ಗಂಟು ಹಾಕಿಕೊಂಡು ಪುಟವನ್ನೇ ನೋಡುತ್ತಿದ್ದರು.

"ಹಂಗಾದ್ರೆ ನಾಲ್ಕು ಎಲ್ಲಿ ಹೋತು?"

"ಎಲ್ಲೋ ಸ್ವಲ್ಪ ಸ್ವಲ್ಪ ಹೋಗುತ್ತದೆ. ಅಷ್ಟು ಯಾವಾಗಲೂ ಹೋಗುತ್ತದೆ."

"ಎಲ್ಲೋ ಅಂದ್ರೆ ಎಲ್ಲಿ?"

ನನಗೆ ಗೊತ್ತಿರಲಿಲ್ಲ. ಕಾರ್ಖಾನೆಯಲ್ಲಿ ಇದಕ್ಕೊಂದು ಖಾನೆ ಇರುತ್ತಿತ್ತು, 'ತಿಳಿಯದ ನಷ್ಟ' ಎಂದು. ದಿನಾ ಅದರಲ್ಲಿ ಒಂದು ಅಂಕಿ ತುಂಬಿ ಸಹಿ ಹಾಕುತ್ತಿದ್ದೆವು. ಅದನ್ನು ಆಕೆಗೆ ಹೇಳಲು ನಾಚಿಕೆಯಾಯಿತು. ಆಕೆ ಎದ್ದು ಹೋಗಿ, ಒಣಗಲು ಹಾಕಿದ್ದ ಸೋಸುವ ಬಟ್ಟೆಯನ್ನು ತಂದು ನನ್ನ ಮುಂದೆ ಹಿಡಿದರು. ಅದು ಗಟ್ಟಿಯಾಗಿ ಹಲಗೆಯ ಹಾಗೆ ನಿಂತಿತ್ತು.

"ಇದರಲ್ಲಿ ಎಷ್ಟಿದೆ ಅಂತ ನಿಮ್ಮ ಕೊಳವೆಯಲ್ಲಿ ಗೊತ್ತಾಗ್ತದಾ?"

"ಅಳೆದ ನೀರಲ್ಲಿ ತೊಳೆದರೆ ಗೊತ್ತಾಗುತ್ತದೆ."

"ಹಂಗಾದ್ರೆ ನಾಳೆ ಇದನ್ನ ನೋಡಾಣ" ಎಂದು ಆಕೆ ನೀರು ತರಲು ಕೊಡ ಎತ್ತಿಕೊಂಡರು. ನಾನು ಪೆಟ್ಟಿಗೆಯಿಂದ ಜಾಡಿಯನ್ನು ಮತ್ತೆ ಹೊರಗೆ ತೆಗೆದೆ.